ಕೇಂಬ್ರಿಡ್ಜ್‌ಷೈರಿನ ಗ್ರಾಮಕಾಲೇಜುಗಳು: ಇಂಗ್ಲೆಂಡಿನ ಗ್ರಾಮಾಂತರ ಪ್ರೌಢಶಿಕ್ಷಣದ ಒಂದು ಅಧ್ಯಾಯ

೧

ಇಂಗ್ಲೆಂಡಿನ ವಿದ್ಯಾಭ್ಯಾಸದ ಚರಿತ್ರೆ ಎಂದೊಡನೆ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುವುದು ಈಟನ್, ಹ್ಯಾರೋ, ರಗ್ಬಿ ಮೊದಲಾದ ಶಾಲೆಗಳ ಹೆಸರು. ಇವಕ್ಕೆ 'ಪಬ್ಲಿಕ್ ಸ್ಕೂಲ್' ಎಂಬ ಹೆಸರು ರೂಢಿಯಲ್ಲಿದ್ದರೂ ಸಾರ್ವಜನಿಕರಲ್ಲಿ ಬಹುಮಂದಿಗೆ ಇವುಗಳ ಬಾಗಿಲು ಎಂದೂ ತೆರೆದಿರಲಿಲ್ಲ. ಆ ದೇಶದ ಮಕ್ಕಳಲ್ಲಿ ಅತ್ಯಧಿಕ ಸಂಖ್ಯೆಯವರು ಕಲಿತದ್ದು, ಇಂದಿಗೂ ಕಲಿಯುತ್ತಿರುವುದು, ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ. ಅವುಗಳಲ್ಲಿಯೂ ಪಟ್ಟಣದ ಶಾಲೆಗಳ ಚರಿತ್ರೆಯನ್ನು ಬರೆದಷ್ಟು ವಿಸ್ತಾರವಾಗಿ ಹಳ್ಳಿಗಾಡಿನ ಶಾಲೆಗಳ ಚರಿತ್ರೆಯನ್ನು ಬರೆದವರು ವಿರಳ. ಪ್ರಕೃತ ಲೇಖನದಲ್ಲಿ ಅಂಥ ಶಾಲೆಗಳ ಒಂದು ವರ್ಗವನ್ನು, ಎಂದರೆ ಕೇಂಬ್ರಿಡ್ಜ್‌ಷೈರ್ ಪ್ರಾಂತದ 'ವಿಲೇಜ್ ಕಾಲೇಜು'ಗಳನ್ನು, ಪರಿಶೀಲಿಸಲು ಪ್ರಯತ್ನಿಸಿದೆ.

ಮೊದಲಿಗೆ ಹೆಸರಿನ ವಿಷಯವಾಗಿ ಒಂದು ಮಾತು. ನಮ್ಮಲ್ಲಿ ಕಾಲೇಜು ಎಂದರೆ ಪದವಿ ತರಗತಿಗಳಿರುವ ಸಂಸ್ಥೆ ಎಂಬ ಭಾವನೆ ಬಲವಾಗಿದೆ. ಈ ಗ್ರಾಮಕಾಲೇಜು ಅಂಥದಲ್ಲ. ಇದು ಹನ್ನೊಂದನೆಯ ವಯಸ್ಸಿನಿಂದ ಮೇಲಿನ ಬಾಲಕ ಬಾಲಿಕೆಯರಿಗೆ ಹಗಲಿನಲ್ಲಿ ಪ್ರೌಢಶಾಲೆಯಾಗಿಯೂ, ಸಂಜೆ ಸುತ್ತಣ ಊರುಗಳ ವಯಸ್ಕರಿಗೆ ಕಲಿಕೆಯ ಮತ್ತು ಕೂಟಗಳ ಸ್ಥಾನವಾಗಿಯೂ ಇರಬೇಕೆಂದು ಯೋಚಿಸಿ ನಿರ್ಮಿಸಿದ ಸಂಸ್ಥೆ. ಇದರ ಮುಖ್ಯಸ್ಥನಿಗೆ ಹೆಡ್‌ಮಾಸ್ಟರ್ ಎನ್ನದೆ 'ವಾರ್ಡನ್' ಎಂದು ಹೆಸರಿಟ್ಟದ್ದೂ ಈ ಎರಡು ಹೊಣೆಗಳ ಕಾರಣದಿಂದಲೇ.

ಈ ಶಾಲೆಗಳ ಚರಿತ್ರೆಯ ಮೂಲದಲ್ಲಿ ಒಂದು ವಿರೋಧಾಭಾಸವಿದೆ. ಹಳ್ಳಿಗಳು ಬರಿದಾಗುವುದನ್ನು ತಡೆಯಬೇಕೆಂಬುದು ಇವುಗಳ ಸ್ಥಾಪಕನ ಉದ್ದೇಶ. ಆದರೆ ಆ ಉದ್ದೇಶ ಕೈಗೂಡಬೇಕಾದರೆ ಹತ್ತಾರು ಹಳ್ಳಿಗಳ ಮಕ್ಕಳನ್ನು ಪ್ರತಿದಿನವೂ ಅವರವರ ಊರಿನಿಂದ ಹೊರಡಿಸಿ ಒಂದು ಕಡೆ ಸೇರಿಸಬೇಕಾಯಿತು. ಹೀಗೆ ಹುಟ್ಟಿದ ದೊಡ್ಡ ಶಾಲೆ ಹಳ್ಳಿಗಳಿಗೆ ಕೊಟ್ಟದ್ದೆಷ್ಟು, ಅವುಗಳಿಂದ ತೆಗೆದುಕೊಂಡದ್ದೆಷ್ಟು ಎಂಬುದು ಇಲ್ಲಿ ಚರ್ಚಿಸತಕ್ಕ ಪ್ರಶ್ನೆ.

೨

ಈ ಪ್ರಶ್ನೆಯನ್ನು ತಿಳಿಯಲು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಹಳ್ಳಿಯ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ೧೮೫೧ರ ಜನಗಣತಿಯಲ್ಲಿ ಆ ದೇಶದ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳೆಂಬುದು ಮೊದಲ ಬಾರಿಗೆ ಕಂಡುಬಂತು. ೧೮೭೦ರ ದಶಕದಿಂದ ಅಮೆರಿಕದ ಗೋಧಿ ಅಗ್ಗದ ಬೆಲೆಗೆ ಬರತೊಡಗಲು, ಧಾನ್ಯದ ಬೆಳೆಯನ್ನೇ ನಂಬಿದ್ದ ಪೂರ್ವಭಾಗದ ಪ್ರಾಂತಗಳು ಬಹಳ ಕಷ್ಟಕ್ಕೆ ಗುರಿಯಾದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೇಸಾಯ ಸ್ವಲ್ಪ ಚೇತರಿಸಿಕೊಂಡಿತಾದರೂ, ೧೯೨೧ರಲ್ಲಿ ಸರ್ಕಾರ ಧಾನ್ಯದ ಬೆಲೆಗೆ ತಾನು ಕೊಟ್ಟಿದ್ದ ಭರವಸೆಯನ್ನು ಹಿಂತೆಗೆದುಕೊಂಡಿತು. ಬೆಲೆಗಳೂ ಕೂಲಿಯೂ ಒಟ್ಟಿಗೆ ಕುಸಿದವು. ಕೈಲಾದ ತರುಣರು ಪಟ್ಟಣಕ್ಕೋ ವಸಾಹತುಗಳಿಗೋ ಹೊರಟರು.

ಶಾಲೆಗಳ ಸ್ಥಿತಿಯೂ ಇದಕ್ಕೆ ಅನುಗುಣವಾಗಿಯೇ ಇದ್ದಿತು. ೧೮೭೦ರ ಫಾರ್ಸ್ಟರ್ ಕಾನೂನಿನಿಂದ ಪ್ರಾಥಮಿಕ ಶಿಕ್ಷಣ ದೇಶದಲ್ಲೆಲ್ಲ ಹರಡಿತು. ೧೯೦೨ರ ಬಾಲ್ಫರ್ ಕಾನೂನು ಶಿಕ್ಷಣದ ಆಡಳಿತವನ್ನು ಕೌಂಟಿ ಕೌನ್ಸಿಲುಗಳಿಗೂ ದೊಡ್ಡ ಪಟ್ಟಣಗಳ ಕೌನ್ಸಿಲುಗಳಿಗೂ ಒಪ್ಪಿಸಿತು. ೧೯೧೮ರ ಫಿಷರ್ ಕಾನೂನು ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳೂ ಶಾಲೆಯಲ್ಲಿರಬೇಕೆಂದು ವಿಧಿಸಿತು. ಆದರೆ ಹಳ್ಳಿಯಲ್ಲಿ ಇದರ ಅರ್ಥವೇನು? ಐದು ವರ್ಷದ ಮಗುವಿನಿಂದ ಹದಿನಾಲ್ಕರ ಹುಡುಗನವರೆಗೆ ಎಲ್ಲರೂ ಒಂದೇ ಶಾಲೆಯ ಎರಡೋ ಮೂರೋ ಕೊಠಡಿಗಳಲ್ಲಿ, ಇಬ್ಬರೋ ಮೂವರೋ ಉಪಾಧ್ಯಾಯರ ಕೈಯಲ್ಲಿ ಕಲಿಯಬೇಕಾಗಿತ್ತು. ಪ್ರಯೋಗಶಾಲೆಯಾಗಲಿ, ಮರಗೆಲಸದ ಕೊಠಡಿಯಾಗಲಿ, ಹೇಳಿಕೊಳ್ಳುವಂಥ ಪುಸ್ತಕಭಂಡಾರವಾಗಲಿ ಇರಲಿಲ್ಲ. ಹನ್ನೊಂದು ದಾಟಿದವರು ಹಿಂದಿನ ಪಾಠವನ್ನೇ ಮತ್ತೆ ಮತ್ತೆ ಓದುತ್ತ ಬಿಡುಗಡೆಯ ದಿನವನ್ನು ಕಾಯುತ್ತಿದ್ದರು.

ಇದಕ್ಕೆ ಅಪವಾದವಾಗಿ ಒಂದು ಕಿರುದಾರಿ ಮಾತ್ರ ಇದ್ದಿತು. ೧೯೦೭ರ ನಿಯಮಗಳಂತೆ ಸರ್ಕಾರದ ಸಹಾಯಧನ ಪಡೆಯುವ ಸೆಕೆಂಡರಿ ಶಾಲೆಗಳು ತಮ್ಮ ಸ್ಥಾನಗಳಲ್ಲಿ ಸಾಧಾರಣವಾಗಿ ನಾಲ್ಕನೆಯ ಒಂದು ಭಾಗವನ್ನು ಪ್ರಾಥಮಿಕ ಶಾಲೆಯಿಂದ ಬಂದ ಮಕ್ಕಳಿಗೆ ಶುಲ್ಕವಿಲ್ಲದೆ ಕೊಡಬೇಕಾಗಿತ್ತು. ಪರೀಕ್ಷೆಯಲ್ಲಿ ಗೆದ್ದ ಹಳ್ಳಿಯ ಹುಡುಗ ಈ ದಾರಿಯಿಂದ ಪಟ್ಟಣದ ಶಾಲೆ ಸೇರಬಹುದಾಗಿತ್ತು. ಆದರೆ ಹಾಗೆ ಹೋದವನು ಮತ್ತೆ ಹಳ್ಳಿಗೆ ಬಂದು ನೆಲಸುವುದು ಅಪರೂಪ. ಹಳ್ಳಿಯ ದೃಷ್ಟಿಯಿಂದ ನೋಡಿದರೆ ವಿದ್ಯೆ ಎಂಬುದು ಊರಿನ ಬುದ್ಧಿವಂತರನ್ನು ಆರಿಸಿ ಹೊರಗೆ ಸಾಗಿಸುವ ಸಾಧನವಾಗಿದ್ದಿತು.

೩

ಈ ಸ್ಥಿತಿಯನ್ನು ಆಡಳಿತದ ಸ್ಥಾನದಲ್ಲಿ ನಿಂತು ನೋಡಿ ಪರಿಹಾರ ಸೂಚಿಸಿದವನು ಹೆನ್ರಿ ಮಾರಿಸ್. ೧೮೮೯ರಲ್ಲಿ ಲ್ಯಾಂಕಷೈರಿನ ಸೌತ್‌ಪೋರ್ಟಿನಲ್ಲಿ ಹುಟ್ಟಿದ ಈತ ಸಾಮಾನ್ಯ ಕುಟುಂಬದವನು. ಎಳೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ಸ್ಥಳೀಯ ಪತ್ರಿಕೆಯೊಂದರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದನು. ತರುವಾಯ ವೇಲ್ಸಿನ ಲ್ಯಾಂಪೀಟರಿನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿ, ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ, ಕೇಂಬ್ರಿಡ್ಜಿಗೆ ಬಂದನು. ೧೯೨೨ರಲ್ಲಿ ಕೇಂಬ್ರಿಡ್ಜ್‌ಷೈರ್ ಕೌಂಟಿಯ ಶಿಕ್ಷಣ ಕಾರ್ಯದರ್ಶಿಯಾದನು. ೧೯೫೪ರಲ್ಲಿ ನಿವೃತ್ತನಾಗುವವರೆಗೆ, ಎಂದರೆ ಮೂವತ್ತೆರಡು ವರ್ಷ, ಅದೇ ಹುದ್ದೆಯಲ್ಲಿದ್ದನು. ೧೯೬೧ರಲ್ಲಿ ತೀರಿಕೊಂಡನು. ಕೌಂಟಿಯ ಅಧಿಕಾರಿಯೊಬ್ಬನು ಒಂದೇ ಯೋಜನೆಯನ್ನು ಇಷ್ಟು ದೀರ್ಘಕಾಲ ಬೆನ್ನು ಹತ್ತಿ ನಡೆಸಿದ ಉದಾಹರಣೆಗಳು ಹೆಚ್ಚಿಲ್ಲ.

೧೯೨೪ರಲ್ಲಿ ಮಾರಿಸ್ ಗ್ರಾಮಕಾಲೇಜಿನ ವಿಚಾರವಾಗಿ ಒಂದು ಜ್ಞಾಪನಪತ್ರವನ್ನು ಸಿದ್ಧಪಡಿಸಿದನು. ಅದರ ವಾದದ ಸಾರ ಇಷ್ಟು: ಹಳ್ಳಿಯ ಅವನತಿಗೆ ಬಡತನವೊಂದೇ ಕಾರಣವಾಗಿರದೆ, ಅಲ್ಲಿ ಬಾಳುವೆಗೆ ಬೇಕಾದ ಸಂಸ್ಥೆಗಳಿಲ್ಲದಿರುವುದೂ ಕಾರಣ. ಜಮೀನುದಾರನ ಮನೆಯೂ ಇಗರ್ಜಿಯೂ ಹಿಂದೆ ಹೊತ್ತಿದ್ದ ನಾಯಕತ್ವ ಈಗ ಅಳಿದಿದೆ. ಸರ್ಕಾರ ಹಳ್ಳಿಗಾಗಿ ಶಾಲೆ, ವಾಚನಾಲಯ, ದಾದಿಯ ಸೇವೆ, ಬೇಸಾಯದ ಬೋಧನೆ ಮುಂತಾದುವುಗಳಿಗೆ ಖರ್ಚು ಮಾಡುವ ಹಣ ಚೂರುಚೂರಾಗಿ ಹರಿದುಹೋಗುತ್ತಿದೆ. ಇವೆಲ್ಲವನ್ನೂ ಒಂದು ಒಳ್ಳೆಯ ಕಟ್ಟಡದಲ್ಲಿ ಕೂಡಿಸಿದರೆ ಅದೇ ಖರ್ಚಿನಲ್ಲಿ ಹೆಚ್ಚಿನ ಫಲ ಉಂಟಾಗುತ್ತದೆ. ಹುಟ್ಟಿದ ಮಗುವಿನ ಆರೈಕೆಯಿಂದ ಮುದುಕರ ಓದಿನವರೆಗೆ ಎಲ್ಲಕ್ಕೂ ಒಂದೇ ನೆಲೆ ಇರಬೇಕು. ಶಾಲೆ ಬಿಡುವುದು ಎಂಬ ಮಾತಿಗೆ ಆಗ ಅರ್ಥವೇ ಉಳಿಯುವುದಿಲ್ಲ. ಇಂಥ ಸುಮಾರು ಹತ್ತು ಕೇಂದ್ರಗಳು ಕೌಂಟಿಗೆ ಸಾಕೆಂದು ಅವನ ಅಭಿಪ್ರಾಯ.

ಈ ಯೋಜನೆಯ ಹಿಂದೆ ಇರುವ ಲೆಕ್ಕವನ್ನು ಗಮನಿಸಬೇಕು. ಐದು ನೂರು ಜನರಿರುವ ಹಳ್ಳಿಯೊಂದರಲ್ಲಿ ಪ್ರತಿ ವಯಸ್ಸಿನ ಮಕ್ಕಳು ಎಂಟು ಮಂದಿ ಇದ್ದಾರೆಂದು ಭಾವಿಸೋಣ. ಹನ್ನೊಂದರಿಂದ ಹದಿನಾಲ್ಕರವರೆಗಿನ ಮೂರು ತರಗತಿಗಳಿಗೆ ಸಿಕ್ಕುವವರು ಇಪ್ಪತ್ತನಾಲ್ಕು ಮಂದಿ ಮಾತ್ರ. ಇವರಿಗಾಗಿ ವಿಜ್ಞಾನ, ಸಂಗೀತ, ಮರಗೆಲಸ, ಗೃಹವಿಜ್ಞಾನಗಳಿಗೆ ಒಬ್ಬೊಬ್ಬ ಉಪಾಧ್ಯಾಯರನ್ನು ಯಾವ ಕೌಂಟಿಯೂ ನೇಮಿಸಲಾರದು. ಹತ್ತು ಹಳ್ಳಿಗಳ ಮಕ್ಕಳು ಸೇರಿದರೆ ಸಂಖ್ಯೆ ಇನ್ನೂರ ನಲವತ್ತಾಗುತ್ತದೆ. ಆಗ ಅದು ಸಾಧ್ಯ. ಪಟ್ಟಣದಲ್ಲಿ ಶಾಲೆ ದೊಡ್ಡದಾಗುವುದಕ್ಕೆ ಜನರ ದಟ್ಟಣೆ ಕಾರಣವಾದರೆ, ಹಳ್ಳಿಗಾಡಿನಲ್ಲಿ ಜನರ ವಿರಳತೆಯೇ ಕಾರಣ. ಈ ಸಂಗತಿಯನ್ನು ಮರೆತರೆ ಗ್ರಾಮಾಂತರದ ದೊಡ್ಡ ಶಾಲೆಯ ಚರಿತ್ರೆ ಅರ್ಥವಾಗಲಾರದು.

೪

ಲೆಕ್ಕ ಸರಿಯಾಗಿದ್ದರೂ ಕಾರ್ಯ ಸುಲಭವಾಗಿರಲಿಲ್ಲ. ಮುಖ್ಯವಾದ ಅಡ್ಡಿಗಳು ಎರಡು. ಮೊದಲನೆಯದು ಧರ್ಮದ ವಿಷಯ. ಹಳ್ಳಿಯ ಶಾಲೆಗಳಲ್ಲಿ ಬಹುಪಾಲು ಇಂಗ್ಲೆಂಡಿನ ಚರ್ಚಿಗೆ ಸೇರಿದವು. ಹನ್ನೊಂದು ವರ್ಷ ದಾಟಿದ ಮಕ್ಕಳನ್ನು ಕೌಂಟಿಯ ಶಾಲೆಗೆ ಬಿಟ್ಟುಕೊಡುವುದೆಂದರೆ ಅವರ ಧರ್ಮಬೋಧೆಯನ್ನೂ ಬಿಟ್ಟುಕೊಟ್ಟಂತೆ ಎಂದು ಚರ್ಚಿನವರು ಅಂಜಿದರು. ಚರ್ಚಿಗೆ ಸೇರದ ಇತರ ಪ್ರಾಟೆಸ್ಟಂಟ್ ಪಂಥದವರಿಗೆ ಇದರ ವಿರುದ್ಧವಾದ ಶಂಕೆ ಇತ್ತು. ಇದನ್ನು ನಿವಾರಿಸಲು ಎರಡು ಪಕ್ಷದವರೂ ಒಪ್ಪತಕ್ಕ ಒಂದು ಪಾಠಕ್ರಮವನ್ನು ರಚಿಸಲಾಯಿತು. ೧೯೨೪ರಲ್ಲಿ ಪ್ರಕಟವಾದ ಈ ಕೇಂಬ್ರಿಡ್ಜ್‌ಷೈರ್ ಪಾಠಕ್ರಮ ಇತರ ಅನೇಕ ಕೌಂಟಿಗಳಲ್ಲಿ ಬಳಕೆಗೆ ಬಂತು. ಇಪ್ಪತ್ತು ವರ್ಷಗಳ ತರುವಾಯ, ೧೯೪೪ರ ಕಾನೂನಿನಲ್ಲಿ, ಒಪ್ಪಿತವಾದ ಪಾಠಕ್ರಮವಿರಬೇಕೆಂಬುದು ದೇಶದ ಎಲ್ಲ ಕೌಂಟಿ ಶಾಲೆಗಳಿಗೂ ವಿಧಿಯಾಯಿತು. ಶಾಲೆಯ ಕಟ್ಟಡ ಏಳುವ ಮೊದಲು ಈ ಒಪ್ಪಂದ ಏರ್ಪಟ್ಟದ್ದು ಯೋಜನೆಯ ದೃಷ್ಟಿಯಿಂದ ಬಹು ಮುಖ್ಯ.

ಎರಡನೆಯ ಅಡ್ಡಿ ಹಣದ್ದು. ಕೌಂಟಿ ಬಡದಾಗಿತ್ತು, ಕೌನ್ಸಿಲಿನ ಸದಸ್ಯರಲ್ಲಿ ತೆರಿಗೆ ಏರುವುದನ್ನು ಸಹಿಸದವರು ಹೆಚ್ಚಾಗಿದ್ದರು. ಮಾರಿಸ್ ದಾನಸಂಸ್ಥೆಗಳನ್ನೂ ಉದ್ಯಮಿಗಳನ್ನೂ ಆಶ್ರಯಿಸಿ ಹಣ ಕೂಡಿಸಿದನು. ಕಾರ್ನೆಗಿ ನಿಧಿಯ ನೆರವು ದೊರೆಯಿತು. ಈ ನಡುವೆ, ೧೯೨೬ರಲ್ಲಿ, ಹ್ಯಾಡೋ ಸಮಿತಿಯ ವರದಿ ಹೊರಬಂದು, ಎಲ್ಲ ಮಕ್ಕಳೂ ಹನ್ನೊಂದನೆಯ ವಯಸ್ಸಿನಲ್ಲಿ ಪ್ರಾಥಮಿಕ ಹಂತವನ್ನು ಮುಗಿಸಿ ಬೇರೊಂದು ಶಾಲೆಗೆ ಹೋಗಬೇಕೆಂದು ಸಲಹೆ ಮಾಡಿತು. ಕೌಂಟಿಯ ಯೋಜನೆಗೆ ಹೀಗೆ ರಾಷ್ಟ್ರೀಯ ನೀತಿಯ ಬೆಂಬಲವೂ ಒದಗಿತು.

೧೯೩೦ರಲ್ಲಿ ಮೊದಲನೆಯ ಗ್ರಾಮಕಾಲೇಜು ಸಾಸ್ಟನ್ನಿನಲ್ಲಿ ಆರಂಭವಾಯಿತು. ಕೇಂಬ್ರಿಡ್ಜಿಗೆ ದಕ್ಷಿಣದಲ್ಲಿರುವ ಈ ಊರು ಕಾಗದ ಮತ್ತು ಚರ್ಮದ ಕೈಗಾರಿಕೆಗಳಿದ್ದ ದೊಡ್ಡ ಹಳ್ಳಿ. ಪ್ರಾರಂಭೋತ್ಸವವನ್ನು ನೆರವೇರಿಸಿದವನು ಆಗಿನ ವೇಲ್ಸಿನ ರಾಜಕುಮಾರ, ಮುಂದೆ ಎಂಟನೆಯ ಎಡ್ವರ್ಡ್ ಎನಿಸಿಕೊಂಡವನು. ಕೌಂಟಿಯ ವಾಸ್ತುಶಿಲ್ಪಿ ಎಚ್. ಎಚ್. ಡನ್ ನಿರ್ಮಿಸಿದ ಇಟ್ಟಿಗೆಯ ಕಟ್ಟಡ ಅಂಗಳವೊಂದರ ಸುತ್ತ ಹಬ್ಬಿತ್ತು. ತರಗತಿಯ ಕೊಠಡಿಗಳ ಜೊತೆಗೆ ಸಭಾಭವನ, ಪುಸ್ತಕಭಂಡಾರ, ವಯಸ್ಕರಿಗೆ ಮೀಸಲಾದ ಕೊಠಡಿಗಳು ಒಂದೇ ಆವರಣದಲ್ಲಿದ್ದವು. ಸುತ್ತಣ ಹಳ್ಳಿಗಳ ಮಕ್ಕಳು ಹಗಲಿನಲ್ಲಿಯೂ ಅವರ ತಂದೆತಾಯಿಗಳು ಸಂಜೆಯಲ್ಲಿಯೂ ಅದೇ ಬಾಗಿಲಿನಿಂದ ಒಳಬರುವಂತಾಯಿತು. ತಾನು ಕಲಿತ ಕತ್ತಲೆಯ ಕೊಠಡಿಯನ್ನು ನೆನೆಯುವ ಕೂಲಿಕಾರನಿಗೆ ಇದು ಸಣ್ಣ ಸಂಗತಿಯಾಗಿರಲಾರದು.

೫

ಬಾಟಿಷಮ್ ಮತ್ತು ಲಿಂಟನ್ ಗ್ರಾಮಕಾಲೇಜುಗಳು ೧೯೩೭ರಲ್ಲಿ ತೆರೆದವು. ನಾಲ್ಕನೆಯದಾದ ಇಂಪಿಂಗ್ಟನ್ನಿನದು ಇವೆಲ್ಲಕ್ಕಿಂತ ಹೆಚ್ಚು ಪ್ರಸಿದ್ಧಿ ಪಡೆಯಿತು. ಜರ್ಮನಿಯ ಬೌಹೌಸ್ ಕಲಾಶಾಲೆಯ ಸ್ಥಾಪಕನಾದ ವಾಲ್ಟರ್ ಗ್ರೋಪಿಯಸ್ ೧೯೩೪ರಲ್ಲಿ ಸ್ವದೇಶವನ್ನು ಬಿಟ್ಟು ಇಂಗ್ಲೆಂಡಿಗೆ ಬಂದಿದ್ದನು. ಅವನೂ ಮ್ಯಾಕ್ಸ್‌ವೆಲ್ ಫ್ರೈ ಎಂಬ ಆಂಗ್ಲ ವಾಸ್ತುಶಿಲ್ಪಿಯೂ ಕೂಡಿ ಇಂಪಿಂಗ್ಟನ್ ಶಾಲೆಯನ್ನು ರೂಪಿಸಿದರು. ಈ ಫ್ರೈ ಮುಂದೆ ಚಂಡೀಗಢ ನಗರದ ನಿರ್ಮಾಣದಲ್ಲಿ ಪಾಲುಗೊಂಡನೆಂಬುದನ್ನು ನಮ್ಮ ಓದುಗರು ನೆನೆಯಬಹುದು. ನೆಲವನ್ನು ದಾನವಾಗಿ ಕೊಟ್ಟವರು ಪಕ್ಕದ ಹಿಸ್ಟನ್ನಿನಲ್ಲಿ ಹಣ್ಣಿನ ಜಾಮಿನ ಕಾರ್ಖಾನೆ ನಡೆಸುತ್ತಿದ್ದ ಚಿವರ್ಸ್ ಮನೆತನದವರು. ಹುಲ್ಲುಹಾಸಿನ ಕಡೆಗೆ ಅಗಲವಾದ ಕಿಟಕಿಗಳಿರುವ ಒಂದೇ ಅಂತಸ್ತಿನ ತರಗತಿಗಳು, ಬೀಸಣಿಗೆಯಾಕಾರದ ಸಭಾಭವನ, ವಯಸ್ಕರಿಗಾಗಿ ತುಸು ಬಾಗಿದಂತೆ ಕಟ್ಟಿದ ಇನ್ನೊಂದು ಪಾರ್ಶ್ವ, ಇವೆರಡನ್ನೂ ಕೂಡಿಸುವ ವಿಶಾಲವಾದ ಓಡಾಟದ ಅಂಗಳ, ಇವು ಕಟ್ಟಡದ ಲಕ್ಷಣಗಳು. ೧೯೩೭ರಲ್ಲಿ ಗ್ರೋಪಿಯಸ್ ಅಮೆರಿಕದ ಹಾರ್ವರ್ಡಿಗೆ ಹೋದನು; ಕಟ್ಟಡ ಅವನಿಲ್ಲದೆಯೇ ಪೂರ್ಣವಾಯಿತು. ೧೯೩೯ರಲ್ಲಿ ಶಾಲೆ ತೆರೆಯಿತು. ಎರಡನೆಯ ಮಹಾಯುದ್ಧ ಆರಂಭವಾದುದೂ ಅದೇ ವರ್ಷ.

ಹಳ್ಳಿಯ ಮಕ್ಕಳ ಶಾಲೆಗೆ ಯೂರೋಪಿನ ಪ್ರಖ್ಯಾತ ಶಿಲ್ಪಿಯೇಕೆ ಎಂದು ಆಗಲೇ ಆಕ್ಷೇಪಿಸಿದವರುಂಟು. ಸುಂದರವಾದ ಪರಿಸರವೇ ಒಂದು ಬೋಧನೆಯೆಂಬುದು ಮಾರಿಸನ ದೃಢವಾದ ನಂಬಿಕೆ; ಈಟನ್ನಿನ ಬಾಲಕನಿಗೆ ಹುಟ್ಟಿನಿಂದ ದೊರೆಯುವ ಆ ಬೋಧನೆ ಕೂಲಿಕಾರನ ಮಗಳಿಗೆ ಸರ್ಕಾರದಿಂದಲಾದರೂ ದೊರೆಯಬೇಕೆಂದು ಅವನು ಬಯಸಿದನು. ಇಂಪಿಂಗ್ಟನ್ನಿಗಾಗಿ ಹೆನ್ರಿ ಮೂರ್ ಎಂಬ ಶಿಲ್ಪಿಯಿಂದ ಒಂದು ವಿಗ್ರಹವನ್ನು ಮಾಡಿಸಬೇಕೆಂಬ ಆಲೋಚನೆ ನಡೆದಿತ್ತು. ಹಣ ಒದಗದೆ ಅದು ನಿಂತುಹೋಯಿತು. ತಂದೆ, ತಾಯಿ, ಮಗು ಒಟ್ಟಿಗೆ ಕುಳಿತಿರುವ ಆ ಕಲ್ಪನೆ ಯುದ್ಧಾನಂತರ, ಹರ್ಟ್‌ಫರ್ಡ್‌ಷೈರಿನ ಶಿಕ್ಷಣಾಧಿಕಾರಿಯಾಗಿದ್ದ ಜಾನ್ ನ್ಯೂಸಮ್ಮನ ಪ್ರಯತ್ನದಿಂದ, ಸ್ಟೀವನೇಜಿನ ಬಾರ್ಕ್ಲೇ ಶಾಲೆಯಲ್ಲಿ ಕಂಚಿನ ವಿಗ್ರಹವಾಗಿ ಮೂಡಿತು. ಒಂದು ಬಡ ಕೌಂಟಿಯಲ್ಲಿ ಹುಟ್ಟಿದ ವಿಚಾರ ಬೇರೊಂದು ಕೌಂಟಿಯಲ್ಲಿ ಫಲಿಸಿದುದಕ್ಕೆ ಇದು ನಿದರ್ಶನ.

೬

ಇಲ್ಲಿಯವರೆಗೆ ಹೇಳಿದ್ದು ಯೋಜನೆಯ ಏಳಿಗೆ. ಇನ್ನು ಅದರೊಳಗಿದ್ದ ಕೊರತೆಯನ್ನು ನೋಡಬೇಕು. ೧೯೩೦ರ ಸಾಸ್ಟನ್ ಶಾಲೆ ಕಾನೂನಿನ ದೃಷ್ಟಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೇರಿದ 'ಸೀನಿಯರ್ ಸ್ಕೂಲ್' ಮಾತ್ರ. ಪರೀಕ್ಷೆಯಲ್ಲಿ ಆಯ್ಕೆಯಾದ ಮಕ್ಕಳು ಮೊದಲಿನಂತೆಯೇ ಕೇಂಬ್ರಿಡ್ಜಿನ ಸೆಕೆಂಡರಿ ಶಾಲೆಗಳಿಗೆ ಹೋಗುತ್ತಿದ್ದರು. ಹಳ್ಳಿಯಿಂದ ಬುದ್ಧಿವಂತರನ್ನು ಹೊರಗೆ ಸಾಗಿಸುವ ಕಿರುದಾರಿ ಮುಚ್ಚಿರಲಿಲ್ಲ.

೧೯೪೪ರ ಬಟ್ಲರ್ ಕಾನೂನು ಈ ಸ್ಥಿತಿಯನ್ನು ಬದಲಾಯಿಸಿತು. ಒಂದು ರೀತಿಯಲ್ಲಿ ಸ್ಥಿರಪಡಿಸಿತು ಎಂದೂ ಹೇಳಬಹುದು. ಅದರಿಂದ ಪ್ರೌಢಶಿಕ್ಷಣ ಎಲ್ಲರಿಗೂ ಉಚಿತವಾಯಿತು. ೧೯೪೭ರಿಂದ ಶಾಲೆ ಬಿಡುವ ವಯಸ್ಸು ಹದಿನೈದಕ್ಕೇರಿತು. ಮೂರು ಬಗೆಯ ಶಾಲೆಗಳಿರಬೇಕೆಂಬ ಮಾತು ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಆದರೂ ೧೯೪೩ರ ನಾರ್ವುಡ್ ವರದಿಯ ಪ್ರಭಾವದಿಂದಲೂ ಸರ್ಕಾರದ ಸೂಚನೆಗಳಿಂದಲೂ ಗ್ರಾಮರ್, ಟೆಕ್ನಿಕಲ್, ಮಾಡರ್ನ್ ಎಂಬ ವಿಭಾಗ ಬಹುಪಾಲು ಕೌಂಟಿಗಳಲ್ಲಿ ನೆಲೆಗೊಂಡಿತು. ಗ್ರಾಮಕಾಲೇಜುಗಳಿಗೆ ದೊರೆತದ್ದು 'ಸೆಕೆಂಡರಿ ಮಾಡರ್ನ್' ಎಂಬ ಸ್ಥಾನ. ಹನ್ನೊಂದನೆಯ ವಯಸ್ಸಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಪಟ್ಟಣದ ಬಸ್ಸು ಹತ್ತಿದರು. ಉಳಿದವರು ಗ್ರಾಮಕಾಲೇಜಿಗೆ ಬಂದರು.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಎಲ್ಲ ವಯಸ್ಸಿನವರನ್ನೂ ಎಲ್ಲ ವೃತ್ತಿಯವರನ್ನೂ ಒಂದುಗೂಡಿಸಬೇಕೆಂದು ಕಟ್ಟಿದ ಮನೆಯೊಳಗೆ, ಊರಿನ ಮಕ್ಕಳೆಲ್ಲರಿಗೂ ಹಗಲಿನಲ್ಲಿ ಸ್ಥಳವಿರಲಿಲ್ಲ. ಒಂದೇ ಬೀದಿಯ ಇಬ್ಬರು ಗೆಳೆಯರು ಹನ್ನೊಂದನೆಯ ವಯಸ್ಸಿನಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುವುದೂ, ಅವರಲ್ಲೊಬ್ಬನು ತಾನು ಸೋತವನೆಂದು ಆ ವಯಸ್ಸಿಗೇ ತಿಳಿಯುವುದೂ ನಡೆದುಬಂತು. ಸಂಜೆಯ ತರಗತಿಗಳಲ್ಲಿ ಮಾತ್ರ ಮೂಲದ ಆದರ್ಶ ಉಳಿಯಿತು; ಅಲ್ಲಿ ಪ್ರವೇಶಪರೀಕ್ಷೆ ಇರಲಿಲ್ಲ. ಹೀಗಿದ್ದರೂ ಯೋಜನೆ ಬೆಳೆಯಿತು. ಬ್ಯಾಸಿಂಗ್‌ಬೋರ್ನ್ (೧೯೫೪), ಸ್ವೇವ್ಸಿ (೧೯೫೮), ಕಾಂಬರ್ಟನ್ (೧೯೬೦) ಮೊದಲಾದ ಊರುಗಳಲ್ಲಿ ಹೊಸ ಗ್ರಾಮಕಾಲೇಜುಗಳು ಎದ್ದವು. ಲೆಸ್ಟರ್‌ಷೈರಿನಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಸ್ಟುವರ್ಟ್ ಮೇಸನ್ ಇದೇ ಜಾಡಿನಲ್ಲಿ 'ಕಮ್ಯೂನಿಟಿ ಕಾಲೇಜು'ಗಳನ್ನು ಸ್ಥಾಪಿಸಿದನು.

೭

೧೯೬೫ರ ಜುಲೈ ತಿಂಗಳಲ್ಲಿ ಶಿಕ್ಷಣ ಸಚಿವ ಆಂಟನಿ ಕ್ರಾಸ್ಲಂಡನ ಇಲಾಖೆ ೧೦/೬೫ ಸಂಖ್ಯೆಯ ಸುತ್ತೋಲೆಯನ್ನು ಹೊರಡಿಸಿ, ಮಕ್ಕಳನ್ನು ಬೇರ್ಪಡಿಸದೆ ಎಲ್ಲರಿಗೂ ಒಂದೇ ಬಗೆಯ 'ಕಾಂಪ್ರೆಹೆನ್ಸಿವ್' ಶಾಲೆಯಿರುವಂತೆ ಯೋಜನೆ ಸಿದ್ಧಪಡಿಸಲು ಕೌಂಟಿಗಳನ್ನು ಕೇಳಿತು. ಇಂಥ ಶಾಲೆ ಎಷ್ಟು ದೊಡ್ಡದಾಗಿರಬೇಕು ಎಂಬ ಪ್ರಶ್ನೆ ಆಗ ತೀವ್ರ ಚರ್ಚೆಗೆ ಬಂದಿತ್ತು. ಹದಿನಾರು ದಾಟಿದವರ ಉಚ್ಚ ತರಗತಿಗೆ ಸಾಕಷ್ಟು ಜನ ಸಿಕ್ಕಬೇಕಾದರೆ ಕೆಳಗಿನ ತರಗತಿಗಳಲ್ಲಿ ಬಹು ದೊಡ್ಡ ಸಂಖ್ಯೆ ಬೇಕು. ಈ ಲೆಕ್ಕದಿಂದಲೇ ಲಂಡನ್ನಿನ ಕಿಡ್‌ಬ್ರೂಕ್ ಬಾಲಿಕಾ ಶಾಲೆಯನ್ನು ೧೯೫೪ರಲ್ಲಿ ಸುಮಾರು ಎರಡು ಸಾವಿರ ವಿದ್ಯಾರ್ಥಿನಿಯರಿಗಾಗಿ ಕಟ್ಟಲಾಗಿತ್ತು. ಹಳ್ಳಿಗಾಡಿನಲ್ಲಿ ಅಷ್ಟು ಮಕ್ಕಳನ್ನು ಕೂಡಿಸುವುದೆಂದರೆ ಬಹು ದೂರದ ಊರುಗಳಿಂದಲೂ ಅವರನ್ನು ಕರೆತರಬೇಕಾಗುತ್ತಿತ್ತು.

ಸುತ್ತೋಲೆ ಸೂಚಿಸಿದ ಆರು ಮಾದರಿಗಳಲ್ಲಿ ಒಂದು ಇದಕ್ಕೆ ಪರಿಹಾರ ಒದಗಿಸಿತು: ಹನ್ನೊಂದರಿಂದ ಹದಿನಾರರವರೆಗೆ ಒಂದು ಶಾಲೆ, ಆಮೇಲೆ ಪ್ರತ್ಯೇಕವಾದ 'ಸಿಕ್ಸ್ತ್ ಫಾರ್ಮ್' ಕಾಲೇಜು. ಕೇಂಬ್ರಿಡ್ಜ್ ಪ್ರದೇಶದಲ್ಲಿ ಈ ಮಾದರಿ ಅನುಷ್ಠಾನಕ್ಕೆ ಬಂತು. ೧೯೭೪ರಲ್ಲಿ ಕೌಂಟಿಯ ಬಾಲಕರ ಹೈಸ್ಕೂಲು ಹಿಲ್ಸ್ ರೋಡ್ ಸಿಕ್ಸ್ತ್ ಫಾರ್ಮ್ ಕಾಲೇಜಾಗಿ ಮಾರ್ಪಟ್ಟಿತು. ಬಾಲಿಕೆಯರ ಹೈಸ್ಕೂಲಿನಿಂದ ಲಾಂಗ್ ರೋಡ್ ಕಾಲೇಜು ಹುಟ್ಟಿತು. ೧೯೭೨ರಲ್ಲಿ ಶಾಲೆ ಬಿಡುವ ವಯಸ್ಸು ಹದಿನಾರಕ್ಕೇರಿದ್ದೂ ಇದಕ್ಕೆ ಕೂಡಿಬಂತು. ಗ್ರಾಮಕಾಲೇಜುಗಳು ತಮ್ಮ ಸುತ್ತಣ ಹಳ್ಳಿಗಳ ಎಲ್ಲ ಮಕ್ಕಳನ್ನೂ, ಪರೀಕ್ಷೆಯಿಲ್ಲದೆ, ಐದು ವರ್ಷಗಳ ಪೂರ್ಣ ಪ್ರೌಢಶಿಕ್ಷಣಕ್ಕೆ ಬರಮಾಡಿಕೊಳ್ಳುವಂತಾಯಿತು. ೧೯೨೪ರ ಕಲ್ಪನೆ ಈ ಅಂಶದಲ್ಲಿ ಪೂರ್ಣವಾಗಲು ಸುಮಾರು ಅರ್ಧ ಶತಮಾನವೇ ಹಿಡಿಯಿತೆಂಬುದು ಗಮನಾರ್ಹ. ಅದು ನೆರವೇರುವ ಹೊತ್ತಿಗೆ ಮಾರಿಸ್ ತೀರಿಕೊಂಡು ಹತ್ತು ವರ್ಷಗಳಿಗೂ ಮೇಲಾಗಿತ್ತು.

ಮಕ್ಕಳ ಸಂಖ್ಯೆ ಏರಿತು. ಕೆಲವು ನೂರು ಮಕ್ಕಳಿಗಾಗಿ ಕಟ್ಟಿದ ಶಾಲೆಗಳಿಗೆ ಹೊಸ ಕಟ್ಟಡಗಳು ಸೇರಿ, ಇವುಗಳಲ್ಲಿ ಹಲವು ಸಾವಿರಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳಿರುವ ಸಂಸ್ಥೆಗಳಾದವು. ಇಷ್ಟು ದೊಡ್ಡ ಶಾಲೆಯನ್ನು ಗ್ರಾಮಾಂತರದಲ್ಲಿ ನಡೆಸುವಂತೆ ಮಾಡಿದ್ದು ಬಸ್ಸು. ಎಂಟು ವರ್ಷ ತುಂಬಿದ ಮಗುವಿಗೆ ಶಾಲೆಯ ನಡಿಗೆಯ ದೂರ ಮೂರು ಮೈಲಿಗೆ ಮೀರಿದರೆ ಉಚಿತ ವಾಹನ ಒದಗಬೇಕೆಂಬ ನಿಯಮ ೧೯೪೪ರ ಕಾನೂನಿನಿಂದ ಬಂದದ್ದು. ಶಾಲೆಯ ವೇಳಾಪಟ್ಟಿಯನ್ನು ಉಪಾಧ್ಯಾಯರಷ್ಟೇ ಬಸ್ಸಿನ ಮಾಲೀಕರೂ ನಿರ್ಧರಿಸುವ ಪರಿಸ್ಥಿತಿ ಇದರಿಂದ ಒದಗಿತು. ಸಂಜೆ ಬಸ್ಸು ಹೊರಟಿತೆಂದರೆ ದೂರದ ಹಳ್ಳಿಯ ಹುಡುಗಿಗೆ ನಾಟಕದ ಅಭ್ಯಾಸವೂ ಇಲ್ಲ, ಆಟದ ಪಂದ್ಯವೂ ಇಲ್ಲ. ಶಾಲೆಯಿರುವ ಊರಿನ ಮಕ್ಕಳಿಗೂ ಹೊರಗಿನಿಂದ ಬರುವ ಮಕ್ಕಳಿಗೂ ನಡುವೆ ಹೀಗೆ ಒಂದು ಸೂಕ್ಷ್ಮವಾದ ಭೇದ ಉಂಟಾಯಿತು. ಪರೀಕ್ಷೆಯ ಭೇದವನ್ನು ಕಾನೂನಿನಿಂದ ತೊಡೆಯಬಹುದು. ದೂರದ ಭೇದವನ್ನು ಹಾಗೆ ತೊಡೆಯಲು ಬಾರದು.

೮

ಈಗ ಮೊದಲಿನ ಪ್ರಶ್ನೆಗೆ ಹಿಂತಿರುಗಬಹುದು. ಗ್ರಾಮಕಾಲೇಜು ಹಳ್ಳಿಯನ್ನು ಉಳಿಸಿತೇ? ಬೇಸಾಯವನ್ನೇ ನಂಬಿದ್ದ ೧೯೨೪ರ ಹಳ್ಳಿಯನ್ನು ಅದು ಉಳಿಸಲಿಲ್ಲ. ಟ್ರಾಕ್ಟರು ಮತ್ತಿತರ ಯಂತ್ರಗಳು ಬಂದು ಹೊಲದ ಕೂಲಿಕಾರರ ಸಂಖ್ಯೆ ಕುಗ್ಗುತ್ತ ಹೋಯಿತು. ಯಾವ ಶಾಲೆಯೂ ಇದನ್ನು ತಡೆಯುವಂತಿರಲಿಲ್ಲ. ಜನ ಊರು ಬಿಡುವುದಕ್ಕೆ ಮೂಲಕಾರಣ ಜೀವನೋಪಾಯ. ಅದನ್ನು ಸಂಸ್ಥೆಗಳ ಕೊರತೆಯೆಂದು ಭಾವಿಸಿದ್ದು ಮಾರಿಸನ ವಾದದಲ್ಲಿ ದುರ್ಬಲವಾದ ಅಂಶ. ಆದರೆ ಆ ಹಳ್ಳಿಗಳು ಬರಿದಾಗಲೂ ಇಲ್ಲ. ೧೯೭೦ರಲ್ಲಿ ಟ್ರಿನಿಟಿ ಕಾಲೇಜು ಕೇಂಬ್ರಿಡ್ಜಿನ ಅಂಚಿನಲ್ಲಿ ವಿಜ್ಞಾನೋದ್ಯಮಗಳ ಕ್ಷೇತ್ರವೊಂದನ್ನು ಸ್ಥಾಪಿಸಿದ ತರುವಾಯ, ಪಟ್ಟಣದಲ್ಲಿ ದುಡಿದು ಹಳ್ಳಿಯಲ್ಲಿ ವಾಸಿಸುವ ಹೊಸ ವರ್ಗದವರು ಅಲ್ಲಿಗೆ ಬಂದು ನೆಲಸಿದರು. ಹಾಗೆ ಬಂದವರಿಗೆ ಒಳ್ಳೆಯ ಶಾಲೆ ಹತ್ತಿರವಿರುವುದು ಒಂದು ಆಕರ್ಷಣೆಯಾಗಿದ್ದಿರಬೇಕು. ಕೂಲಿಕಾರನ ಮಕ್ಕಳಿಗಾಗಿ ಕಟ್ಟಿದ ಶಾಲೆಗೆ ಇಂಜಿನಿಯರನ ಮಕ್ಕಳು ಬಂದರು. ಮನೆಗಳ ಬೆಲೆ ಏರಿ ಹಳೆಯ ಕುಟುಂಬಗಳಿಗೆ ತಮ್ಮ ಊರಿನಲ್ಲಿಯೇ ನಿಲ್ಲುವುದು ಕಷ್ಟವಾಯಿತು. ಸಂಸ್ಥೆಯೊಂದು ತನ್ನ ಸ್ಥಾಪಕನು ಊಹಿಸದ ಸಮಾಜಕ್ಕೆ ಸೇವೆ ಸಲ್ಲಿಸುವುದು ಚರಿತ್ರೆಯಲ್ಲಿ ಹೊಸತೇನೂ ಅಲ್ಲ.

ಎರಡನೆಯದಾಗಿ, ಹದಿನಾರನೆಯ ವಯಸ್ಸಿಗೆ ಬಹುಮಂದಿ ವಿದ್ಯಾರ್ಥಿಗಳು ಪಟ್ಟಣದ ಕಾಲೇಜಿಗೆ ಹೋಗಬೇಕಾಯಿತು. ಹನ್ನೊಂದರಲ್ಲಿ ಆಗುತ್ತಿದ್ದ ಅಗಲಿಕೆ ಐದು ವರ್ಷ ಮುಂದಕ್ಕೆ ಹೋಯಿತೇ ಹೊರತು ಇಲ್ಲವಾಗಲಿಲ್ಲ. ಆದರೂ ಈ ಐದು ವರ್ಷಗಳ ಬೆಲೆಯನ್ನು ಕಡಮೆ ಮಾಡಿ ಎಣಿಸಬಾರದು. ಹನ್ನೊಂದರ ಮಗುವಿನ ಪರವಾಗಿ ಪರೀಕ್ಷಕನು ಮಾಡುತ್ತಿದ್ದ ನಿರ್ಣಯವನ್ನು ಹದಿನಾರರ ತರುಣ ತಾನೇ ಮಾಡಬಲ್ಲನು.

ಮೂರನೆಯದಾಗಿ, ಆಡಳಿತದ ಸ್ವರೂಪವೂ ಬದಲಾಗಿದೆ. ೧೯೮೮ರ ಕಾನೂನು ರಾಷ್ಟ್ರೀಯ ಪಾಠಕ್ರಮವನ್ನು ತಂದು, ಹಣಕಾಸಿನ ಹೊಣೆಯನ್ನು ಬಹುಮಟ್ಟಿಗೆ ಶಾಲೆಗಳಿಗೇ ವಹಿಸಿತು. ೨೦೧೦ರ ಅಕಾಡೆಮಿ ಕಾನೂನಿನ ತರುವಾಯ ಗ್ರಾಮಕಾಲೇಜುಗಳಲ್ಲಿ ಬಹುಪಾಲು ಕೌಂಟಿಯ ಕೈಯಿಂದ ಹೊರಬಂದು, ಕೇಂದ್ರ ಸರ್ಕಾರದಿಂದ ನೇರವಾಗಿ ಹಣ ಪಡೆಯುವ ಅಕಾಡೆಮಿಗಳಾದವು. ಒಂದು ಕೌಂಟಿ ತನ್ನ ಎಲ್ಲ ಹಳ್ಳಿಗಳನ್ನೂ ಒಟ್ಟಾಗಿ ಕಂಡು ರೂಪಿಸಿದ ಯೋಜನೆ ಹೀಗೆ ಬಿಡಿಬಿಡಿಯಾದ ಸಂಸ್ಥೆಗಳ ಆಡಳಿತವಾಗಿ ಪರಿಣಮಿಸಿದೆ. ಹಗಲಿನ ಶಾಲೆಯ ಫಲಿತಾಂಶವನ್ನು ಅಳೆಯುವ ಅಂಕಿಅಂಶಗಳು ಅನೇಕ. ಸಂಜೆಯ ತರಗತಿಗಳ ಪ್ರಯೋಜನವನ್ನು ಅಳೆಯುವ ಸಾಧನ ಅಷ್ಟಾಗಿ ಇಲ್ಲ. ಅಳತೆಗೆ ಸಿಕ್ಕದ ಕಾರ್ಯ ಆಡಳಿತದ ಗಮನದಿಂದ ಜಾರುವ ಅಪಾಯ ಎಲ್ಲ ದೇಶಗಳಲ್ಲಿಯೂ ಇದ್ದದ್ದೇ.

ಇಷ್ಟಾದರೂ ಮೂಲದ ಕಲ್ಪನೆ ಅಳಿದಿಲ್ಲವೆಂಬುದಕ್ಕೆ ಎರಡು ಕುರುಹುಗಳನ್ನು ಹೇಳಬಹುದು. ಇಂಪಿಂಗ್ಟನ್ನಿನ ಕಟ್ಟಡ ಇಂದು ರಾಷ್ಟ್ರದ ಪ್ರಥಮ ದರ್ಜೆಯ ಸಂರಕ್ಷಿತ ಕಟ್ಟಡಗಳಲ್ಲಿ ಒಂದು. ಅಷ್ಟೇ ಅಲ್ಲದೆ ಅದು ಇಂದಿಗೂ ಶಾಲೆಯಾಗಿಯೇ ಬಳಕೆಯಲ್ಲಿದೆ. ಕೇಂಬ್ರಿಡ್ಜಿಗೆ ಪಶ್ಚಿಮದಲ್ಲಿ ಹೊಸದಾಗಿ ಎದ್ದ ಕೇಂಬೋರ್ನ್ ಎಂಬ ವಸತಿಗೆ ೨೦೧೩ರಲ್ಲಿ ಪ್ರೌಢಶಾಲೆ ಬಂದಾಗ, ಅದಕ್ಕೆ ಇಟ್ಟ ಹೆಸರು ಕೇಂಬೋರ್ನ್ ವಿಲೇಜ್ ಕಾಲೇಜು. ಹಳೆಯ ಹಳ್ಳಿಯೇ ಇಲ್ಲದ ನೆಲದಲ್ಲಿಯೂ ಆ ಹೆಸರು ಒಂದು ಭರವಸೆಯಾಗಿ ಉಳಿದಿದೆ.

ಒಟ್ಟಿನಲ್ಲಿ ಹೇಳುವುದಾದರೆ, ಗ್ರಾಮಾಂತರದ ದೊಡ್ಡ ಶಾಲೆ ಒಂದು ವಿನಿಮಯ. ಹತ್ತು ಹಳ್ಳಿಗಳು ತಮ್ಮ ತಮ್ಮ ಮಕ್ಕಳ ಹಗಲನ್ನು ಬಿಟ್ಟುಕೊಟ್ಟು, ಒಂದೊಂದಾಗಿ ತಮ್ಮಿಂದಾಗದ ವಿದ್ಯೆಯನ್ನು ಒಟ್ಟಾಗಿ ಪಡೆದವು. ಈ ವಿನಿಮಯ ನ್ಯಾಯವಾಗಬೇಕಾದರೆ ಎರಡು ಷರತ್ತುಗಳು ನೆರವೇರಬೇಕೆಂದು ಮೇಲಿನ ಚರಿತ್ರೆಯಿಂದ ತಿಳಿಯುತ್ತದೆ. ಆ ಶಾಲೆಯಲ್ಲಿ ಹಳ್ಳಿಯ ಎಲ್ಲ ಮಕ್ಕ‍ಳಿಗೂ ಸ್ಥಳವಿರಬೇಕು. ಆ ಕಟ್ಟಡ ಸಂಜೆಯ ಹೊತ್ತು ಹಳ್ಳಿಯವರ ಕೈಗೆ ಮರಳಬೇಕು. ಮೊದಲನೆಯ ಷರತ್ತು ೧೯೭೦ರ ದಶಕದವರೆಗೆ ನೆರವೇರಲಿಲ್ಲ. ಎರಡನೆಯದು ಮೊದಲಿನಿಂದಲೂ ನೆರವೇರಿತ್ತು. ಈಚಿನ ವರ್ಷಗಳಲ್ಲಿ ಸಡಿಲವಾಗುತ್ತಿರುವುದು ಅದೇ. ಇವೆರಡನ್ನೂ ಏಕಕಾಲದಲ್ಲಿ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಕೇಂಬ್ರಿಡ್ಜ್‌ಷೈರಿನ ಸುಮಾರು ನೂರು ವರ್ಷಗಳ ಅನುಭವ ತೋರಿಸಿಕೊಡುತ್ತದೆ.